ಇಡ್ಡಲಿಗೆಯ ಮರುಸೃಷ್ಟಿ: ಮಧ್ಯಕಾಲೀನ ಅಡುಗೆ ಮತ್ತು ಪಠ್ಯದ ಓದು

ಮಧ್ಯಕಾಲೀನ ಕರ್ನಾಟಕದ ವಸ್ತುಸಂಸ್ಕೃತಿಯನ್ನು ಅರಿಯಲು ಶಾಸನ, ಶಿಲ್ಪ, ಕಾವ್ಯಗಳನ್ನು ವಿದ್ವಾಂಸರು ಬಹುಕಾಲದಿಂದ ಆಕರಗಳಾಗಿ ಬಳಸುತ್ತ ಬಂದಿದ್ದಾರೆ. ಈ ಆಕರಗಳಲ್ಲಿ ಕಾಣುವ ಉಡುಪು, ಉಪಕರಣ, ಅಡುಗೆಗಳನ್ನು ಅಂದಿನ ಸಾಮಗ್ರಿಯಿಂದಲೇ ಮತ್ತೆ ಸಿದ್ಧಪಡಿಸಿ ಜನರ ಮುಂದಿಡುವುದು 'ಜೀವಂತ ಇತಿಹಾಸ'ದ ಕ್ರಮ. ಇದು ಬರಿಯ ಪ್ರದರ್ಶನವೇ ಅಥವಾ ಸಂಶೋಧನೆಯೂ ಆಗಬಲ್ಲುದೇ ಎಂಬ ಪ್ರಶ್ನೆಯನ್ನು ಇಡ್ಡಲಿಗೆಯೆಂಬ ಒಂದು ತಿನಿಸನ್ನು ಆಧರಿಸಿ ಇಲ್ಲಿ ಪರಿಶೀಲಿಸಲಾಗಿದೆ.

ಕ್ರಿ.ಶ. 920ರ ಸುಮಾರಿನದೆಂದು ಹೇಳಲಾಗುವ 'ವಡ್ಡಾರಾಧನೆ'ಯಲ್ಲಿ ಈ ಹೆಸರು ಇತರ ಭಕ್ಷ್ಯಗಳೊಡನೆ ಬರುತ್ತದೆ. ಮಾಡುವ ಬಗೆ ಅಲ್ಲಿಲ್ಲ. ಅದನ್ನು ತಿಳಿಸುವುದು ಎರಡನೆಯ ಚಾವುಂಡರಾಯನ 'ಲೋಕೋಪಕಾರ' (ಕ್ರಿ.ಶ. 1025). ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು ನುಣ್ಣಗೆ ಅರೆದು, ಮೊಸರಿನ ತಿಳಿನೀರು, ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗು ಬೆರೆಸುವುದು ಅಲ್ಲಿಯ ಕ್ರಮ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' (ಸು. ಕ್ರಿ.ಶ. 1130) 'ಇಡ್ಡರಿಕಾ' ಎಂಬ ತಿನಿಸನ್ನು ವಿವರಿಸುತ್ತದೆ. ಅಲ್ಲಿ ಉದ್ದಿನ ಹಿಟ್ಟಿನ ಸಣ್ಣ ಉಂಡೆಗಳನ್ನು ತುಪ್ಪದಲ್ಲಿ ಕರಿದು, ಮೆಣಸು, ಜೀರಿಗೆ, ಇಂಗುಗಳಿಂದ ಸಂಸ್ಕರಿಸಲಾಗುತ್ತದೆ.

ಇಂದಿನ ಇಡ್ಲಿಗೆ ಅಕ್ಕಿ ಬೇಕು, ಹಿಟ್ಟು ರಾತ್ರಿಯಿಡೀ ಹುಳಿಯಬೇಕು, ಅದು ಹಬೆಯಲ್ಲಿ ಬೇಯಬೇಕು. ಈ ಮೂರೂ ಮೇಲಿನ ಆಕರಗಳಲ್ಲಿ ಇಲ್ಲವೆಂಬುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ ಗುರುತಿಸಿದ್ದರು. ಹುಳಿಯಿಸಿ ಹಬೆಯಲ್ಲಿ ಬೇಯಿಸುವ ಪದ್ಧತಿ ಇಂಡೊನೇಷ್ಯಾದಿಂದ ಬಂದಿರಬಹುದೆಂಬ ಊಹೆಯನ್ನೂ ಅವರು ಮುಂದಿಟ್ಟರು. ಹೆಸರು ಉಳಿದು ವಸ್ತು ಬದಲಾಗಬಹುದೆಂಬುದಕ್ಕೆ ಇದೊಂದು ಸ್ಪಷ್ಟ ನಿದರ್ಶನ. 'ಮೆಣಸು' ಎಂಬ ಪದಕ್ಕೂ ಈ ಎಚ್ಚರ ಅನ್ವಯಿಸುತ್ತದೆ. ಹಳೆಯ ಪಠ್ಯಗಳಲ್ಲಿ ಅದು ಕಾಳುಮೆಣಸು ಮಾತ್ರ. ಅಮೆರಿಕ ಖಂಡದ ಮೂಲದ ಮೆಣಸಿನಕಾಯಿ ಇಲ್ಲಿಗೆ ಬಂದದ್ದು ಪೋರ್ಚುಗೀಸರು 1498ರಲ್ಲಿ ಭಾರತದ ಪಶ್ಚಿಮ ಕರಾವಳಿಯನ್ನು ತಲುಪಿದ ಅನಂತರ. ಹೊಸ ವಸ್ತು ಹಳೆಯ ಹೆಸರಿನ ಆಶ್ರಯ ಪಡೆಯಿತು.

ಗ್ರಂಥವನ್ನು ಓದುವಾಗ ಏಳದ ಪ್ರಶ್ನೆಗಳು ಒಲೆಯ ಮುಂದೆ ಏಳುತ್ತವೆ. ಉದ್ದು ಎಷ್ಟು ಹೊತ್ತು ನೆನೆಯಬೇಕು? ತಿಳಿನೀರು ಎಷ್ಟು ಬೆರೆತರೆ ಹಿಟ್ಟು ಉಂಡೆಯಾಗಿ ನಿಲ್ಲುತ್ತದೆ? ಮಜ್ಜಿಗೆಯಲ್ಲಿ ನೆನೆದ ಉದ್ದು ಬೇಸಗೆಯಲ್ಲಿ ತಾನಾಗಿಯೇ ಹುಳಿಯುವುದಾದರೆ, ಹುಳಿಯಿಸುವಿಕೆಯನ್ನು ಗ್ರಂಥಕಾರ ಹೇಳದಿದ್ದುದು ಅದು ಇರಲಿಲ್ಲವೆಂಬುದಕ್ಕೆ ಸಾಕ್ಷಿಯಾಗುವುದೇ? ಎಲ್ಲರಿಗೂ ತಿಳಿದ ಕ್ರಿಯೆಯನ್ನು ಬರೆಯುವ ಅಗತ್ಯ ಕಾಣದಿರುವುದು ಪಾಕಗ್ರಂಥಗಳಲ್ಲಿ ಅಪರೂಪವಲ್ಲ. ಪಠ್ಯದ ಮೌನ ಎಲ್ಲಿದೆ ಎಂಬುದನ್ನು ಮರುಸೃಷ್ಟಿ ಹೀಗೆ ನಿಖರವಾಗಿ ತೋರಿಸಿಕೊಡುತ್ತದೆ. ಅದರ ಸಂಶೋಧನಾಮೌಲ್ಯ ಇರುವುದು ಇಲ್ಲಿಯೇ.

ಆದರೆ ಅದರ ಮಿತಿಯೂ ಇಲ್ಲಿಯೇ ಇದೆ. ಮಡಕೆಯಲ್ಲಿ ನೀರು ಕುದಿಸಿ, ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಹಿಟ್ಟಿಟ್ಟು ಬೇಯಿಸಲು ವಿಶೇಷ ಪಾತ್ರೆ ಬೇಕಿಲ್ಲ. ಈ ಪ್ರಯೋಗ ಯಶಸ್ವಿಯಾದರೆ ಹಬೆಯ ಅಡುಗೆ ಹನ್ನೊಂದನೆಯ ಶತಮಾನದಲ್ಲಿ ಸಾಧ್ಯವಿತ್ತೆಂದು ಹೇಳಬಹುದೇ ಹೊರತು, ಚಾವುಂಡರಾಯನ ಕಾಲದವರು ಇಡ್ಡಲಿಗೆಯನ್ನು ಹಾಗೆ ಬೇಯಿಸುತ್ತಿದ್ದರೆಂದು ಹೇಳಲಾಗದು. ಸಾಧ್ಯತೆ ಬೇರೆ, ಸಂಭವಿಸಿದ್ದು ಬೇರೆ.

ಆದ್ದರಿಂದ ಇಂತಹ ತಿನಿಸನ್ನು ವಸ್ತುಸಂಗ್ರಹಾಲಯದಲ್ಲೋ ಉತ್ಸವದಲ್ಲೋ ಜನರಿಗೆ ಬಡಿಸುವವರು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ದಾಖಲಿಸುವುದು ಅಗತ್ಯ: ಆಕರದಲ್ಲಿ ಇರುವುದು, ಇತರ ಆಕರಗಳಿಂದ ಊಹಿಸಿದ್ದು, ಅನುಕೂಲಕ್ಕಾಗಿ ತಾವೇ ಸೇರಿಸಿದ್ದು. ಪುಸ್ತಕದ ತಪ್ಪನ್ನು ಇನ್ನೊಂದು ಪುಸ್ತಕ ತಿದ್ದಬಹುದು. ನಾಲಗೆಗೆ ಹತ್ತಿದ ರುಚಿಯನ್ನು ತಿದ್ದುವುದು ಕಷ್ಟ. ಅಕ್ಕಿ ಬೆರೆಸಿದ ಮೃದುವಾದ ಇಡ್ಲಿಯನ್ನು 'ಸಾವಿರ ವರ್ಷದ ಇಡ್ಡಲಿಗೆ' ಎಂದು ಉಣಬಡಿಸಿದರೆ, ಉಂಡವರು ಅದನ್ನೇ ಇತಿಹಾಸವೆಂದು ನಂಬುತ್ತಾರೆ. ಗಟ್ಟಿಯಾದ, ಮೆಣಸು ಇಂಗುಗಳ ಘಾಟಿನ, ಇಂದಿನ ನಾಲಗೆಗೆ ಅಪರಿಚಿತವಾದ ಉದ್ದಿನ ಉಂಡೆಯನ್ನು ಅದರ ಅನಿಶ್ಚಯಗಳ ಸಮೇತ ಬಡಿಸುವುದೇ ಹಳಗನ್ನಡದ ಆ ಪದಕ್ಕೆ ಸಲ್ಲಿಸುವ ನ್ಯಾಯ.