ಹುರುಳಿ, ಮಡಿಕೆ, ರೆಕ್ಕೆ ಅವರೆ: ಕಡೆಗಣಿಸಿದ ಕಾಳುಗಳ ಸತ್ವ

ಹುರುಳಿ ದಕ್ಷಿಣ ಭಾರತದ ಅತಿ ಹಳೆಯ ಬೆಳೆಗಳಲ್ಲೊಂದು. ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಅದರ ಸುಟ್ಟು ಕರಿಕಾದ ಕಾಳುಗಳು ಸಿಕ್ಕಿವೆ. ಇಷ್ಟು ಹಳೆಯ ನಂಟಿದ್ದರೂ ದನಕರುಗಳ ಮೇವು, ಬಡವರ ಕಾಳು ಎಂಬ ಹಣೆಪಟ್ಟಿ ಅದಕ್ಕೆ ಅಂಟಿಕೊಂಡಿದೆ. ಈ ತಾತ್ಸಾರಕ್ಕೆ ಪೋಷಣೆಯ ದೃಷ್ಟಿಯಿಂದ ಯಾವ ಆಧಾರವೂ ಇಲ್ಲ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ತೊಗರಿಬೇಳೆಯಲ್ಲಿರುವುದೂ ಹೆಚ್ಚುಕಡಿಮೆ ಇಷ್ಟೇ. ಕ್ಯಾಲ್ಸಿಯಂ ಮಾತ್ರ ತೊಗರಿಬೇಳೆಯ ಮೂರು ಪಟ್ಟಿಗೂ ಹೆಚ್ಚು. ಕೊಬ್ಬಿನಂಶ ತೀರಾ ಕಡಿಮೆ.

ಉತ್ತರ ಕರ್ನಾಟಕದಲ್ಲಿ ಉಸಳಿಗೆ ಬಳಸುವ ಮಡಿಕೆ ಕಾಳು ರಾಜಸ್ಥಾನದ ಮರಳುನೆಲದಲ್ಲೂ ಬೆಳೆಯುವ ಗಟ್ಟಿ ಬೆಳೆ. ಪ್ರೋಟೀನಿನಲ್ಲಿ ಇದು ಹುರುಳಿಗೆ ಸಾಟಿ, ಕಬ್ಬಿಣದ ಅಂಶವೂ ಚೆನ್ನಾಗಿದೆ.

ಇನ್ನೂ ಅಪರಿಚಿತವಾದದ್ದು ರೆಕ್ಕೆ ಅವರೆ. ನಾಲ್ಕು ಅಂಚುಗಳಿಗೂ ರೆಕ್ಕೆಯಂಥ ಏಣುಗಳಿರುವ ಇದರ ಕಾಯಿ ಪಪುವಾ ನ್ಯೂಗಿನಿಯಲ್ಲಿಯೂ ಆಗ್ನೇಯ ಏಷ್ಯಾದಲ್ಲಿಯೂ ದಿನಬಳಕೆಯ ತರಕಾರಿ. ಎಲೆ, ಹೂವು, ಎಳೆಗಾಯಿ, ಕಾಳು, ಗೆಡ್ಡೆ ಎಲ್ಲವನ್ನೂ ತಿನ್ನಬಹುದು. ಒಣಕಾಳಿನ ತೂಕದಲ್ಲಿ ಶೇ. 30ಕ್ಕೂ ಹೆಚ್ಚು ಪ್ರೋಟೀನ್, ಸುಮಾರು ಶೇ. 16ರಷ್ಟು ಎಣ್ಣೆ ಇರುವುದರಿಂದ ಅದು ಸೋಯಾ ಅವರೆಯ ಹತ್ತಿರಕ್ಕೆ ಬರುತ್ತದೆ. 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದನ್ನು ಉಷ್ಣವಲಯದ ಭರವಸೆಯ ಬೆಳೆಯೆಂದು ಕರೆಯಿತು. ಆದರೆ ಬಳ್ಳಿಗೆ ಚಪ್ಪರ ಬೇಕು, ಒಣಗಿದ ಕಾಳು ಬೇಗ ಬೇಯುವುದಿಲ್ಲ. ಹೀಗಾಗಿ ಅದು ದೊಡ್ಡ ಹೊಲಗಳಿಗೆ ಇಳಿಯದೆ ಹಿತ್ತಲಿನಲ್ಲೇ ಉಳಿಯಿತು.

ಕಾಳಿನಲ್ಲಿರುವ ಸತ್ವವೆಲ್ಲ ಮೈಗೆ ದಕ್ಕುವುದಿಲ್ಲ. ಇದನ್ನು ಮರೆತು ಬರೀ ಅಂಕಿಗಳನ್ನು ಹೋಲಿಸುವುದು ತಪ್ಪು. ಹಸಿ ಕಾಳಿನ ಕೆಲವು ಪ್ರೋಟೀನುಗಳು ನಮ್ಮ ಕರುಳಿನ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುತ್ತವೆ. ಫೈಟಿಕ್ ಆಮ್ಲ ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಫಿನೋಸ್ ಜಾತಿಯ ಸಕ್ಕರೆಗಳು ದೊಡ್ಡ ಕರುಳಿನಲ್ಲಿ ಹುದುಗಿ ವಾಯು ಹುಟ್ಟಿಸುತ್ತವೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿದರೆ ಈ ಸಕ್ಕರೆಗಳೂ ಫೈಟಿಕ್ ಆಮ್ಲವೂ ಇಳಿಯುತ್ತವೆ, ಸಿ ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಚೆನ್ನಾಗಿ ಬೇಯಿಸಿದಾಗ ಟ್ರಿಪ್ಸಿನ್ ತಡೆಯುವ ಅಂಶ ಬಹುಮಟ್ಟಿಗೆ ಶಕ್ತಿಗುಂದುತ್ತದೆ. ಬೇಯಿಸಿದ ನೀರಿನಲ್ಲಿ ಬಿ ಗುಂಪಿನ ಜೀವಸತ್ವಗಳೂ ಖನಿಜಗಳೂ ಇಳಿದಿರುತ್ತವೆ. ಹುರುಳಿಯ ಕಟ್ಟಿನ ಸಾರಿನಲ್ಲಿ ಅವು ಪೋಲಾಗುವುದಿಲ್ಲ.

ಕಾಳುಗಳ ಪ್ರೋಟೀನಿನಲ್ಲಿ ಲೈಸಿನ್ ಹೇರಳ, ಮೆಥಿಯೋನಿನ್ ಕಡಿಮೆ. ರಾಗಿಯಲ್ಲಿ ಲೈಸಿನ್ ಕೊರತೆ, ಮೆಥಿಯೋನಿನ್ ಸಾಕಷ್ಟು. ಆದ್ದರಿಂದ ಮುದ್ದೆ ಮತ್ತು ಹುರುಳಿ ಸಾರಿನ ಊಟ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುತ್ತದೆ.

ಎಲ್ಲ ಕಾಡುಕಾಳುಗಳನ್ನೂ ಇದೇ ಧೈರ್ಯದಿಂದ ತಿನ್ನುವಂತಿಲ್ಲ. ನಸಗುನ್ನಿ ಬೀಜದಲ್ಲಿ ಪ್ರೋಟೀನ್ ಧಾರಾಳವಾಗಿದ್ದರೂ ಎಲ್-ಡೋಪಾ ಎಂಬ ಪ್ರಬಲ ರಾಸಾಯನಿಕವೂ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧಿಯೂ ಅದೇ. ನೀರು ಬದಲಿಸುತ್ತ ಹಲವು ಬಾರಿ ಕುದಿಸಿ ಚೆಲ್ಲುವ ರೂಢಿ ಬಲ್ಲವರು ಮಾತ್ರ ಅದನ್ನು ಅಡುಗೆಗೆ ಬಳಸುತ್ತಾರೆ. ಆ ತಿಳಿವಳಿಕೆ ಇಲ್ಲದವರು ನಸಗುನ್ನಿಯನ್ನು ಮುಟ್ಟದಿರುವುದೇ ಲೇಸು.