ರಜೆಯಲ್ಲಿ ಮನೆಯ ಭದ್ರತೆ, ಮಕ್ಕಳ ಪ್ರಯಾಣ



ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ದಾವಣಗೆರೆ, ಚಿತ್ರದುರ್ಗ, ಬೆಂಗಳೂರುಗಳಲ್ಲಿ ಓದುವ ಮಕ್ಕಳು ಸೊಕ್ಕೆ ಹಾಗೂ ಸುತ್ತಲಿನ ಹಳ್ಳಿಗಳಿಗೆ ಮರಳುತ್ತಾರೆ. ಮಕ್ಕಳು ಬಂದ ಮೇಲೆ ಮನೆಮಂದಿಯೆಲ್ಲ ಜಾತ್ರೆಗೋ ಬೀಗರ ಊರಿಗೋ ಹೊರಡುವುದುಂಟು. ಹಸು ಸಾಕಿದ ಮನೆ ಸಾಮಾನ್ಯವಾಗಿ ಖಾಲಿ ಇರುವುದಿಲ್ಲ. ಎರಡು ಹೊತ್ತು ಹಾಲು ಕರೆಯಲು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಈ ಧೈರ್ಯದಿಂದಲೇ ಎಷ್ಟೋ ಮನೆಗಳ ಹಿತ್ತಲ ಬಾಗಿಲಿಗೆ ಬರೀ ಚಿಲಕವಿರುತ್ತದೆ. ಮನೆ ಖಾಲಿ ಬಿಡುವ ಆ ಎರಡು ಮೂರು ದಿನಕ್ಕೆ ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳುವುದು ಅವಶ್ಯ.

ಹಾಲು ಕರೆಯುವವರೇ ಕಾವಲು

ನೀವು ಊರಲ್ಲಿಲ್ಲದಾಗ ಹಸು ನೋಡಿಕೊಳ್ಳಲು ನಂಬಿಕಸ್ಥ ನೆರೆಯವರಿಗೆ ಒಪ್ಪಿಸಿ. ಹೊಸ ಕೈಗೆ ಹಸು ಸರಿಯಾಗಿ ಹಾಲು ಬಿಡುವುದಿಲ್ಲ. ಆದ್ದರಿಂದ ಹೊರಡುವ ಮೂರು ನಾಲ್ಕು ದಿನ ಮೊದಲೇ ಅವರನ್ನು ಕರೆದು ನಿಮ್ಮ ಎದುರಿಗೇ ಹಾಲು ಕರೆಸಿ. ಹಾಲನ್ನು ಎಂದಿನಂತೆ ನಿಮ್ಮ ಹೆಸರಿನಲ್ಲೇ ಸಂಘಕ್ಕೆ ಹಾಕಿಸಿ. ಬೆಳಿಗ್ಗೆ ಸಂಜೆ ಕೊಟ್ಟಿಗೆಗೆ ಜನ ಬಂದು ಹೋಗುತ್ತಿದ್ದರೆ, ದೀಪ ಹತ್ತುತ್ತಿದ್ದರೆ ಅದೇ ಮನೆಗೆ ದೊಡ್ಡ ಕಾವಲು.

ಒಡವೆಯನ್ನು ಬೀರುವಿನಲ್ಲಿ ಬಿಡದೆ ಬ್ಯಾಂಕ್ ಲಾಕರಿನಲ್ಲಿಡಿ. ಬಟವಾಡೆ ಹಣವನ್ನು ಒಮ್ಮೆಲೇ ಬಿಡಿಸಿ ಮನೆಯಲ್ಲಿಡಬೇಡಿ. ಗ್ಯಾಸ್ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ. ಬೀಗದ ಕೈಯನ್ನು ಬಾಗಿಲ ಮೇಲಿನ ಸಂದಿಯಲ್ಲಿಡುವ ಅಭ್ಯಾಸ ಬಿಡಿ. ಆ ಜಾಗ ಎಲ್ಲರಿಗೂ ಗೊತ್ತು. "ಎಲ್ಲರೂ ಪ್ರವಾಸದಲ್ಲಿದ್ದೇವೆ" ಎಂದು ಮೊಬೈಲ್ ಸ್ಟೇಟಸ್ ಹಾಕದಂತೆ ಮಕ್ಕಳಿಗೆ ತಿಳಿಹೇಳಿ. ಫೋಟೊಗಳನ್ನು ಊರಿಗೆ ಬಂದ ಮೇಲೆ ಹಾಕಬಹುದು.

ಕೊನೆಯ ಬಸ್ಸನ್ನು ಮೊದಲು ಕೇಳಿ

ಬೆಂಗಳೂರಿನಿಂದ ದಾವಣಗೆರೆಗೆ ರೈಲು, ಬಸ್ಸು ಬೇಕಾದಷ್ಟಿವೆ. ಕಷ್ಟವಿರುವುದು ಜಗಳೂರಿನಿಂದ ಹಳ್ಳಿಗೆ ಬರುವ ಕೊನೆಯ ಹಾದಿಯಲ್ಲಿ. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಮಕ್ಕಳು ಸಿಕ್ಕ ಲಾರಿಯನ್ನೋ ಅಪರಿಚಿತರ ಬೈಕನ್ನೋ ಹತ್ತುತ್ತಾರೆ. ಹೀಗಾಗಿ ಮೊದಲು ಹಳ್ಳಿಯ ಬಸ್ಸಿನ ವೇಳೆ ವಿಚಾರಿಸಿ, ಅದಕ್ಕೆ ಹೊಂದುವಂತೆ ಕಾಲೇಜಿನಿಂದ ಹೊರಡಲು ಹೇಳಿ. ತಡವಾಗುವಂತಿದ್ದರೆ ಆ ರಾತ್ರಿ ಹಾಸ್ಟೆಲ್ಲಿನಲ್ಲೇ ಉಳಿದು ಮರುದಿನ ಹೊರಡಲಿ.

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಆದರೆ ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಗುರುತಿನ ಚೀಟಿಯ ಜೊತೆಗೆ ಹಳ್ಳಿಯವರೆಗಿನ ಚಾರ್ಜು ಮಗಳ ಕೈಯಲ್ಲಿರಲಿ. ರೂಮು ಮಾಡಿಕೊಂಡಿರುವ ವಿದ್ಯಾರ್ಥಿಗಳು ಅಂಕಪಟ್ಟಿ, ಲ್ಯಾಪ್‌ಟಾಪ್‌ಗಳನ್ನು ಅಲ್ಲಿಯೇ ಬಿಡದೆ ಜೊತೆಗೆ ತರುವುದು ಒಳ್ಳೆಯದು.

ಟ್ರ್ಯಾಕ್ಟರ್ ಟ್ರೈಲರ್, ಲಗೇಜ್ ಆಟೋ ಇರುವುದು ಸರಕು ಸಾಗಿಸಲು. ಜಾತ್ರೆಗೆ ಅವುಗಳಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗಬೇಡಿ. ಅಪಘಾತವಾದರೆ ವಿಮಾ ಪರಿಹಾರ ಸಿಗುವುದೂ ಕಷ್ಟ.

ಹಾಲಿನ ಕ್ಯಾನು, ಹುಡುಗನ ಕೈಗೆ ಬೈಕು

ರಜೆಯಲ್ಲಿ ಮನೆಯಲ್ಲಿರುವ ಹುಡುಗನಿಗೆ ಡೈರಿಗೆ ಹಾಲು ಹಾಕಿ ಬಾ ಎಂದು ಬೈಕಿನ ಕೀಲಿ ಕೊಡುವವರಿದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ಅಪ್ರಾಪ್ತ ವಯಸ್ಸಿನವರು ಲೈಸೆನ್ಸ್ ಇಲ್ಲದೆ ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಆಗಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಒಂದು ಕ್ಯಾನು ಹಾಲಿಗಾಗಿ ಮಗನ ಜೀವವನ್ನೂ ಮುಂದಿನ ದಾರಿಯನ್ನೂ ಪಣಕ್ಕಿಡಬೇಡಿ. ನಡೆದು ಹೋಗಲಿ, ಇಲ್ಲವೇ ಸೈಕಲ್ ಕೊಡಿ.

ಈ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ

ಪೊಲೀಸ್ ಹಾಗೂ ಯಾವುದೇ ತುರ್ತು ಸಂದರ್ಭ: 112
ಮಕ್ಕಳ ಸಹಾಯವಾಣಿ: 1098
ರೈಲ್ವೆ ಸಹಾಯವಾಣಿ: 139

ಇವನ್ನು ನಿಮ್ಮ ಹಾಲಿನ ಪಾಸ್ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ, ಮಕ್ಕಳಿಗೆ ಬಾಯಿಪಾಠ ಮಾಡಿಸಿ.