ಅಂಕಸಮುದ್ರದ ಮಣ್ಣಿನ ಏರಿ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಗೆ ಬಂದವರ ಕಣ್ಣು ಮೊದಲು ಹೋಗುವುದು ನೀರಿನ ನಡುವಿನ ಜಾಲಿ ಮರಗಳತ್ತ. ಬಣ್ಣದ ಕೊಕ್ಕರೆ, ಕೆಂಬರಲು, ನೀರುಕಾಗೆ ಎಲ್ಲ ಅಲ್ಲಿವೆ. ನಾನು ಮಾತ್ರ ಮೊದಲು ಏರಿಯ ಹಿಂಬದಿಗೆ ಇಳಿಯುತ್ತೇನೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಕೆರೆಗಳ ಉಸ್ತುವಾರಿಯಲ್ಲೇ ನೌಕರಿ ಕಳೆದವನು ನಾನು. ಏರಿ ಉಳಿದರೆ ನೀರು, ನೀರು ಉಳಿದರೆ ಮೀನು, ಹಕ್ಕಿ.

ಇದು ತಾನಾಗಿ ಆದ ಸರೋವರವಲ್ಲ. ಶತಮಾನಗಳ ಹಿಂದೆ ಬೆಳೆಗೆ ನೀರುಣಿಸಲೆಂದು ಕಟ್ಟಿದ ಊರ ಕೆರೆ. ನಮ್ಮ ಬಯಲುಸೀಮೆಯ ಮಳೆಯೊಂದನ್ನೇ ನಂಬಿದರೆ ಕೆರೆ ತುಂಬುವ ಖಾತ್ರಿಯಿಲ್ಲ. ತುಂಗಭದ್ರೆಯ ಹಿನ್ನೀರನ್ನು ಏತ ನೀರಾವರಿಯಿಂದ ತಂದು ಇದನ್ನು ತುಂಬಿಸುತ್ತಾರೆ. 244 ಎಕರೆಯ ಈ ಜಾಗ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆಗಳ ಜೊತೆಗೆ ರಾಮ್ಸಾರ್ ಪಟ್ಟಿ ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಜೌಗು ಪ್ರದೇಶಗಳನ್ನು ಉಳಿಸಲು 1971ರಲ್ಲಿ ಇರಾನಿನ ರಾಮ್ಸಾರಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ ಅದು. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. 41 ಬಗೆಯ ಮೀನುಗಳು ದಾಖಲಾಗಿವೆ.

ಕೆರೆಯಂಗಳದಲ್ಲಿ ಜಾಲಿ ಬೇಕೇ ಬೇಕು. ಸುತ್ತ ನೀರು, ಮೈತುಂಬ ಮುಳ್ಳು, ಮರಿಗಳಿಗೆ ಅದಕ್ಕಿಂತ ಭದ್ರ ಜಾಗ ಇನ್ನೊಂದಿಲ್ಲ. ಹಿಕ್ಕೆ ನೀರಿಗೆ ಬಿದ್ದು ಪಾಚಿ, ಹುಳುಗಳನ್ನು ಬೆಳೆಸುತ್ತದೆ, ಅದನ್ನು ತಿಂದು ಮೀನು ಕೊಬ್ಬುತ್ತದೆ. ಅದೇ ಜಾಲಿ ಏರಿಯ ಮೇಲೆ ಹುಟ್ಟಿದರೆ ಸಸಿಯಿದ್ದಾಗಲೇ ಕೀಳಬೇಕು. ಬೆಳೆಯಲು ಬಿಟ್ಟು ಆಮೇಲೆ ಕಡಿದರೆ ಬೇರು ಮಣ್ಣಿನೊಳಗೇ ಕೊಳೆತು ಪೊಳ್ಳು ಬಿಡುತ್ತದೆ, ನೀರು ಆ ದಾರಿ ಹಿಡಿಯುತ್ತದೆ. ಏಡಿ, ಹೆಗ್ಗಣ ತೋಡಿದ ಬಿಲಗಳೂ ಅಷ್ಟೇ ಅಪಾಯ. ಏರಿಗೆ ಬೇಕಾದದ್ದು ನೀರಿನ ಕಡೆ ಕಲ್ಲು ಹೊದಿಕೆ, ಹಿಂಬದಿಗೆ ಹುಲ್ಲು.

ಯಾವ ಕೆರೆಯಲ್ಲೇ ಆಗಲಿ, ನನ್ನನ್ನು ಹೆಚ್ಚು ಕಾಡುವುದು ತುಂಬಿದ ಮೇಲಿನ ನೀರು ಹೊರಬೀಳುವ ಕೋಡಿ. ಮೀನು ಕೊಚ್ಚಿಹೋಗಬಾರದೆಂದು ಅಡ್ಡಲಾಗಿ ಬಲೆ ಬಿಗಿಯುತ್ತಾರೆ, ಮರಳಿನ ಚೀಲ ಇಡುತ್ತಾರೆ. ದೊಡ್ಡ ಮಳೆಗೆ ಕಸಕಡ್ಡಿ ಬಲೆಗೆ ಸಿಕ್ಕು ಕೋಡಿ ಕಟ್ಟಿಕೊಂಡರೆ ನೀರು ಏರಿಯ ತಲೆ ಮೇಲೆ ಹರಿಯುತ್ತದೆ. ಮಣ್ಣಿನ ಏರಿ ಅದನ್ನು ತಡೆಯಲಾರದು. ನಾಲ್ಕು ಮೀನು ಉಳಿಸಲು ಹೋಗಿ ಕೆರೆಯನ್ನೇ ಕಳೆದುಕೊಳ್ಳುವ ಕೆಲಸ ಇದು.

ಹೂಳೆತ್ತುವುದಕ್ಕೂ ಲೆಕ್ಕ ಬೇಕು. ಜೆಸಿಬಿಯಿಂದ ಅಂಚಿನವರೆಗೂ ಒಂದೇ ಆಳ ತೋಡಿದರೆ ಕಾಲೂರಿ ಮೇಯುವ ಕೊಕ್ಕರೆಗೆ ಜಾಗವೇ ಇಲ್ಲ. ಬೇಸಿಗೆಯಲ್ಲಿ ಮೀನು ಬದುಕಲು ನಡುವೆ ಆಳದ ಗುಂಡಿ ಇರಲಿ, ಅಂಚು ಇಳಿಜಾರಾಗಿರಲಿ. ಏರಿಯ ಬುಡದ ಮಣ್ಣಿಗೆ ಕೈ ಹಚ್ಚಲೇಬಾರದು. ನೀರಲ್ಲಿ ನಿಂತು ನಿಂತು ಸಾಯುವ ಮರಗಳ ಬದಲಿಗೆ, ಕೆರೆ ಬತ್ತಿದಾಗ ಮಣ್ಣಿನ ದಿಬ್ಬ ಮಾಡಿ ಹೊಸ ಸಸಿ ನೆಡಬೇಕು.

ಮೀಸಲು ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಊರವರಿಗೂ, ಹಕ್ಕಿ ನೋಡಲು ಬರುವವರಿಗೂ ನನ್ನದೊಂದು ಕೋರಿಕೆ. ಏರಿಯ ಹಿಂಬದಿಯನ್ನೂ ಒಮ್ಮೆ ನೋಡಿ. ತಿಳಿನೀರು ಜಿನುಗುತ್ತಿದ್ದರೆ ಗುರುತು ಹಾಕಿ ಪಂಚಾಯಿತಿಗೆ ಹೇಳಿ. ಜಿನುಗುವ ನೀರಿನಲ್ಲಿ ಮಣ್ಣಿನ ಬಣ್ಣ ಕಂಡರೆ ಏರಿ ಒಳಗಿಂದ ಕೊರೆದುಹೋಗುತ್ತಿದೆ ಎಂದರ್ಥ, ಆ ಗಳಿಗೆಯಲ್ಲೇ ಅಧಿಕಾರಿಗಳನ್ನು ಕರೆಸಿ.